ಏಳಲಗಿನ ಚಾಕು

ಆ ಬುಧವಾರ ಬೆಳಿಗ್ಗೆ ರೇವಣಸಿದ್ದಯ್ಯ ಮೇಷ್ಟ್ರನ್ನು ಅವರದೇ ಚಾಕು ಕಚ್ಚಿತು. ನಾಯಿ ಕಚ್ಚಿದ್ದರೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ನಾದರೂ ಇತ್ತು. ಚಾಕು ಕಚ್ಚಿದ್ದಕ್ಕೆ ಹೆಂಡತಿ ಗಂಗಾಂಬಿಕೆ ಹೆಬ್ಬೆರಳಿಗೆ ಅರಿಸಿನ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿ, ಜೊತೆಗೆ ನಾಲ್ಕು ಮಾತನ್ನೂ ಅಂದಳು.

ಮೇಷ್ಟ್ರು ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ಡ್ರಾಯಿಂಗ್ ಮೇಷ್ಟ್ರ ಜೇಬಿನಲ್ಲಿ ಚಾಕು ಇಲ್ಲದಿದ್ದರೆ ಪೆನ್ಸಿಲ್ ಕೆತ್ತುವವರು ಯಾರು? ಆ ಮಡಿಸುವ ಚಾಕು ಅವರ ಮದುವೆಯ ಪಾತ್ರೆಗಳ ಜೊತೆ ಕೊಸರಿಗೆ ಬಂದದ್ದು. ಪಾತ್ರೆಗಳಿಗೆಲ್ಲ ಹೆಸರು ಕೊರೆಯುತ್ತ ಕೂತಿದ್ದ ಅಂಗಡಿಯವನು ಅದೇ ಹುಮ್ಮಸ್ಸಿನಲ್ಲಿ ಅದರ ಹಿತ್ತಾಳೆ ಹಿಡಿಗೂ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿದ್ದ. ಹದಿನಾಲ್ಕು ವರ್ಷದಲ್ಲಿ ಅದರ ಅಲಗು ಮೊಂಡಾಗಿ, ಮೊಳೆ ಸಡಿಲವಾಗಿ, ಈಗ ಮನಸ್ಸು ಬಂದಾಗ ತಾನೇ ಮಡಿಸಿಕೊಳ್ಳುತ್ತಿತ್ತು. ಈ ಸಲ ಮಡಿಸಿಕೊಂಡಾಗ ನಡುವೆ ಹೆಬ್ಬೆರಳಿತ್ತು.

"ಸಾಕಾಗೋಯ್ತು. ಇವತ್ತೇ ತುಮಕೂರಿಗೆ ಹೋಗಿ ಒಳ್ಳೇ ಚಾಕು ತರ್ತೀನಿ," ಎಂದರು ಮೇಷ್ಟ್ರು.

"ನೀವಾ?" ಎಂದಳು ಗಂಗಾಂಬಿಕೆ.

ಆ ಒಂದು ಮಾತಿನಲ್ಲಿ ಹಳೆಯದೆಲ್ಲ ಇತ್ತು. ಮೂರು ವರ್ಷದ ಕೆಳಗೆ ಮೇಷ್ಟ್ರೇ ಆರಿಸಿ ತಂದ ಛತ್ರಿ ಒಮ್ಮೆ ಬಿಚ್ಚಿಕೊಂಡದ್ದು ಮತ್ತೆ ಮುಚ್ಚಿಕೊಳ್ಳಲಿಲ್ಲ. ಬಾಗಿಲಲ್ಲಿ ತೂರದೆ ಒಂದು ವಾರ ಜಗುಲಿಯ ಮೇಲೇ ಸಂಸಾರ ಮಾಡಿತು. ಆಮೇಲೆ ತಂದ ಚಪ್ಪಲಿ ಎರಡೂ ಎಡಗಾಲಿನವು. ಅಂದಿನಿಂದ ಮನೆಗೆ ಏನು ಬೇಕಾದರೂ ಗಂಗಾಂಬಿಕೆಯೇ ನೋಡಿ ತರಬೇಕು, ಇಲ್ಲವೇ ಗುಬ್ಬಿಯಲ್ಲಿರುವ ಅವಳ ತಮ್ಮ ಗುರುಸಿದ್ದಯ್ಯ ತರಬೇಕು ಎಂದಾಗಿತ್ತು. ಈಗ ದೀಪಾವಳಿಗೆ ಟ್ರಾನ್ಸಿಸ್ಟರ್ ರೇಡಿಯೋ ತೆಗೆಯುವುದಿತ್ತು. ಅದನ್ನು ತಾವೇ ಅಂಗಡಿಯಲ್ಲಿ ಕೂತು, ಕಿವಿಗಿಟ್ಟು, ತಿರುಗಿಸಿ ನೋಡಿ ತರಬೇಕೆಂಬುದು ಮೇಷ್ಟ್ರ ಆಸೆ. ರಾತ್ರಿ ಕನಸಿನಲ್ಲೂ ಅವರು ಸ್ಟೇಷನ್ ಹುಡುಕುತ್ತಿದ್ದರು.

ಅರಿಸಿನದ ಕೈ ಒರೆಸಿಕೊಳ್ಳುತ್ತ ಗಂಗಾಂಬಿಕೆ ಅಂದಳು: "ಸರಿ, ಒಂದು ಮಾತು. ಚಾಕು ಚೆನ್ನಾಗಿರೋದು ತಂದ್ರೆ ರೇಡಿಯೋನೂ ನೀವೇ ತನ್ನಿ, ನಾ ಬಾಯ್ಬಿಡಲ್ಲ. ಇದೂ ಛತ್ರಿ ಥರಾ ಆದ್ರೆ ನಮ್ಮ ಗುರುಸಿದ್ದನೇ ತರ್ತಾನೆ."

"ಆಗ್ಲಿ!" ಎಂದು ಮೇಷ್ಟ್ರು ಹಳೇ ಚಾಕನ್ನು ಹಿತ್ತಲಿಗೆ ಎಸೆಯಹೊರಟರು. ಹಾಲು ಹಾಕಲು ಬಂದಿದ್ದ ತಿಪ್ಪಮ್ಮ ತಡೆದಳು.

"ಎಸೀಬ್ಯಾಡಿ ಮೇಷ್ಟ್ರೇ, ನಂಗ್ ಕೊಡಿ. ಸೊಪ್ಪು ಕುಯ್ಯಾಕಾದ್ರೂ ಆಯ್ತದೆ. ಅಯ್ಯೋ, ಕೈಗ್ ಕೊಡಬ್ಯಾಡಿ, ಜಗಳ ಆಯ್ತದೆ! ಕೆಳಗಿಡಿ."

ಮೇಷ್ಟ್ರು ಚಾಕನ್ನು ನೆಲಕ್ಕಿಟ್ಟರು. ತಿಪ್ಪಮ್ಮ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಅರ್ಧ ದಿನದ ರಜೆ ಚೀಟಿಯನ್ನು ಪಕ್ಕದ ಮನೆಯ ಹುಡುಗಿಯ ಕೈಲಿ ಸ್ಕೂಲಿಗೆ ಕಳಿಸಿ ಮೇಷ್ಟ್ರು ಸೈಕಲ್ಲನ್ನು ಬಸ್‌ಸ್ಟಾಂಡಿನಲ್ಲಿ ಬಿಟ್ಟು ಎಂಟು ಗಂಟೆಯ ಬಸ್ಸು ಹತ್ತಿದರು.

ತುಮಕೂರಿನ ಮಂಡಿಪೇಟೆಯ ಅಂಗಡಿಯಲ್ಲಿ ಅವರ ಮುಂದೆ ಮೂರು ಚಾಕು ಬಂದವು. ಒಂದೇ ಅಲಗಿನ ಗಟ್ಟಿ ಚಾಕು ಒಂದು. ಎರಡು ಅಲಗಿನದು ಇನ್ನೊಂದು. ಮೂರನೆಯದನ್ನು ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ದೇವರ ಉತ್ಸವಮೂರ್ತಿಯ ಹಾಗೆ ಎರಡೂ ಕೈಯಲ್ಲಿ ತೆಗೆದ. ಕೆಂಪು ಹಿಡಿ, ಹೊಳೆಯುವ ಅಂಚು.

"ನೋಡಿ ಸ್ವಾಮಿ, ಒಂದು ಚಾಕಲ್ಲಿ ಏಳು ಸಾಮಾನು. ಇದು ಚಾಕು, ಇದು ಕತ್ತರಿ, ಇದು ಗರಗಸ, ಇದು ಸ್ಕ್ರೂಡ್ರೈವರ್, ಇದು ಸೋಡಾ ಮುಚ್ಚಳ ತೆಗೆಯೋದು, ಇದು ಉಗುರು ಉಜ್ಜೋದು."

"ಈ ಕೊಕ್ಕೆ?"

ಅಂಗಡಿಯವನು ಆ ಡೊಂಕು ಕೊಕ್ಕೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಅದು... ಬೇಕಾಗುತ್ತೆ ಇಟ್ಕೊಳ್ಳಿ. ಗುಬ್ಬಿ ಕೊಬ್ಬರಿ ಸಾಹುಕಾರ್ರು ಮೊನ್ನೆ ಇಂಥಾದ್ದೇ ಎರಡು ತಗಂಡೋದ್ರು."

ಹರಿತ ತೋರಿಸಲು ಅವನು ತನ್ನ ಎಡಮುಂಗೈಯ ಕೂದಲು ಬೋಳಿಸತೊಡಗಿದ. ಬೋಳಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ವರ್ಷಗಟ್ಟಲೆ ಗಿರಾಕಿಗಳಿಗೆ ತೋರಿಸಿ ತೋರಿಸಿ ಆ ಕೈ ಬದನೆಕಾಯಿಯಷ್ಟು ನುಣ್ಣಗಾಗಿತ್ತು. ಮೇಷ್ಟ್ರ ಗಮನ ಅತ್ತ ಇರಲಿಲ್ಲ. ಗುಬ್ಬಿಯ ಹೆಸರು ಕೇಳಿದ ಮೇಲೆ, ಬಾಮೈದನ ಊರಿನವರೇ ಒಯ್ದ ಮಾಲು ಎಂದ ಮೇಲೆ, ಇನ್ನೇನು ಯೋಚನೆ? ಹದಿನೆಂಟು ರೂಪಾಯಿ ಕೊಟ್ಟು ಜೇಬಿಗೆ ಇಳಿಸಿಯೇಬಿಟ್ಟರು.

ಬಸ್ಸಿನಲ್ಲಿ ಕೂತು ತೆರೆಯಲು ನೋಡಿದಾಗ ಮುಖ್ಯ ಅಲಗು ಕದಲಲಿಲ್ಲ. ಅಂಗಡಿಯವನ ಹೆಬ್ಬೆರಳ ಉಗುರು ತೆಂಗಿನ ಚಿಪ್ಪಿನ ಹಾಗಿತ್ತು. ಮೇಷ್ಟ್ರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ತೋರುಬೆರಳಿನಿಂದ ಎಳೆದರು, ಉಗುರು ಮುರಿಯಿತು. ಎಡಗೈಯಿಂದ ಎಳೆದರು, ಬಂದದ್ದು ಕತ್ತರಿ. ಕೊಕ್ಕೆ ಮಾತ್ರ ಮುಟ್ಟಿದರೆ ಸಾಕು, ಟಕ್ಕೆಂದು ಹೊರಗೆ ಬರುತ್ತಿತ್ತು.

ಮನೆಗೆ ಹೋಗದೆ ನೇರ ಸ್ಕೂಲಿಗೆ ಹೋದರು. ಮಧ್ಯಾಹ್ನ ಎಂಟನೇ ಕ್ಲಾಸಿಗೆ ಪರೀಕ್ಷೆ ಇತ್ತು. ಸ್ಟಾಫ್ ರೂಮಿನಲ್ಲಿ ಚಾಕು ಹೊರಬಂದದ್ದೇ ತಡ, ಎಲ್ಲರೂ ಮುತ್ತಿಕೊಂಡರು. ಕೊಕ್ಕೆಯ ಮೇಲೆ ಚರ್ಚೆಯೇ ಶುರುವಾಯಿತು.

"ಹಲಸಿನ ತೊಳೆ ಬುಡ್ಸೋಕೆ ಕಣ್ ಸಾರ್," ಎಂದ ಜವಾನ ಅಡವಿಯಪ್ಪ.

"ಹುಣಿಸೇಬೀಜ ತೆಗೆಯೋಕಿರಬೇಕು," ಎಂದರು ಸೈನ್ಸ್ ಟೀಚರ್ ಉಮಾಮಹೇಶ್ವರಿ.

"ವಿಲಾಯಿತಿ ಮಾಲಿನ ಥರ ಇದೆ. ಮೀನಿನ ಮುಳ್ಳು ತೆಗೆಯೋದೇ ಸೈ," ಎಂದು ಹೆಡ್‌ಮೇಷ್ಟ್ರು ಸದಾಶಿವಯ್ಯ ತೀರ್ಪು ಕೊಟ್ಟರು. ಮೇಷ್ಟ್ರು ಬೆಚ್ಚಿ ಕೊಕ್ಕೆಯನ್ನು ಮಡಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡರು.

ಅಷ್ಟರಲ್ಲಿ ಗೊತ್ತಾಯಿತು, ಪ್ರಶ್ನೆಪತ್ರಿಕೆ ಇಟ್ಟಿದ್ದ ಬೀರುವಿನ ಬೀಗದ ಕೈ ಇಲ್ಲ. ಅಡವಿಯಪ್ಪ ಮೇಜಿನ ಕೆಳಗೆ, ಗಡಿಯಾರದ ಹಿಂದೆ, ಕುಡಿಯುವ ನೀರಿನ ಕೊಳದಪ್ಪಲೆಯ ಒಳಗೆಲ್ಲ ಹುಡುಕಿದ. ಪರೀಕ್ಷೆಗೆ ಹತ್ತೇ ನಿಮಿಷ ಉಳಿದಿತ್ತು.

"ಚಿಂತೆ ಬಿಡಿ ಸಾರ್, ಸ್ಕ್ರೂಡ್ರೈವರ್ ಇದೆ ನನ್ನ ಹತ್ರ," ಎಂದರು ರೇವಣಸಿದ್ದಯ್ಯ. ಇಷ್ಟು ಜನರ ಮುಂದೆ ತಮ್ಮ ಚಾಕಿನ ಗುಣ ಗೊತ್ತಾಗಲೆಂದು ಅವರ ಮನಸ್ಸು ಉಬ್ಬಿತ್ತು. ಸ್ಕ್ರೂಡ್ರೈವರನ್ನು ಬೀಗದ ತೂತಿಗೆ ಹಾಕಿ ತಿರುಗಿಸಿದರು. 'ಟಿಣ್' ಎಂದಿತು. ತೆರೆಯಿತೆಂದುಕೊಂಡರೆ ಮುರಿದಿತ್ತು. ತುದಿ ಬೀಗದ ಒಳಗೇ ಉಳಿಯಿತು.

"ಸಿಕ್ತು ಸಾರ್!" ಎಂದು ಅಡವಿಯಪ್ಪ ಅದೇ ಗಳಿಗೆಯಲ್ಲಿ ತನ್ನ ಚಡ್ಡಿ ಜೇಬಿನಿಂದ ಬೀಗದ ಕೈ ತೆಗೆದ. "ನನ್ತಾವೇ ಐತೆ!"

ಈಗ ಬೀಗದ ಕೈ ಇದೆ, ತೂರಿಸಲು ತೂತಿಲ್ಲ. ಹೆಡ್‌ಮೇಷ್ಟ್ರ ಮುಖ ಕೆಂಪಗಾಯಿತು. ರೇವಣಸಿದ್ದಯ್ಯನವರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಡೆಗೆ ಅರ್ಧ ಗಂಟೆ ಬೆವರು ಸುರಿಸಿ, ಆ ಹೆಸರಿಲ್ಲದ ಕೊಕ್ಕೆಯಿಂದಲೇ ಮುರಿದ ತುದಿಯನ್ನು ಮೀಟಿ ತೆಗೆದರು. ಮಕ್ಕಳಿಗೆ ಅರ್ಧ ಗಂಟೆ ಹೆಚ್ಚು ಆಟ ಸಿಕ್ಕಿತು.

"ಮೇಷ್ಟ್ರೇ, ನಾಳೆಯಿಂದ ಆ ಚಾಕು ಗೇಟು ದಾಟಿ ಒಳಗೆ ಬರಕೂಡದು," ಎಂದರು ಹೆಡ್‌ಮೇಷ್ಟ್ರು.

ಸಂಜೆ ಮೇಷ್ಟ್ರು ಮನೆಯ ದಾರಿ ಹಿಡಿಯದೆ ಬಸ್‌ಸ್ಟಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ಅಲಗು ತೆರೆಯದ, ಸ್ಕ್ರೂಡ್ರೈವರ್ ಮುರಿದ ಈ ಚಾಕನ್ನು ಗಂಗಾಂಬಿಕೆಗೆ ಹೇಗೆ ತೋರಿಸುವುದು? ರೇಡಿಯೋ ಗುಬ್ಬಿಯ ಕಡೆ ಹೊರಟೇಹೋಯಿತು ಎಂದು ಅವರಿಗೆ ಅಳು ಬಂದಂತಾಯಿತು.

ಎದುರಿನ ಬೆಂಚಿನಲ್ಲಿ ಖಾಕಿ ಚಡ್ಡಿಯ ಗಟ್ಟಿ ಆಳೊಬ್ಬ ಸೀಬೆಹಣ್ಣು ಕುಯ್ಯುತ್ತಿದ್ದ. ಅವನ ಕೈಯಲ್ಲಿದ್ದ ಚಾಕು ನೋಡಿ ಮೇಷ್ಟ್ರ ಕಣ್ಣು ಅಲ್ಲೇ ನಿಂತಿತು. ಒಂದೇ ಅಲಗು, ಕನ್ನಡಿಯಂಥ ಹೊಳಪು. ಹಿಡಿಗೆ ಕಂದು ಬಣ್ಣದ ಚರ್ಮ ಬಿಗಿಯಾಗಿ ಸುತ್ತಿತ್ತು. ಹೋಳುಗಳು ಕಾಗದದ ಹಾಗೆ ತೆಳ್ಳಗೆ ಬೀಳುತ್ತಿದ್ದವು.

ಆ ಆಳಿನ ಕಣ್ಣು ಮೇಷ್ಟ್ರ ಕೈಯ ಕೊಕ್ಕೆಯ ಮೇಲಿತ್ತು. "ಸ್ವಾಮಿ, ನಿಮ್ತಾವ ಕುದ್ರೆ ಐತಾ?" ಎಂದ.

"ಇಲ್ಲಪ್ಪ. ಸೈಕಲ್ ಇದೆ."

"ಮತ್ತೆ ಇದ್ಯಾಕೆ? ಇದು ಕುದ್ರೆ ಗೊರಸ್ನಾಗೆ ಸಿಕ್ಕೊಂಡ ಕಲ್ಲು ತೆಗ್ಯೋ ಕೊಕ್ಕೆ ಕಣ್ರಪ್ಪಾ! ನಾನು ಕುದ್ರೆ ಫಾರಂನಾಗೆ ಇವ್ನಿ, ದ್ಯಾವಪ್ಪ ಅಂತ. ಇಂಥಾದ್ದೊಂದು ಸ್ವಂತಕ್ಕಿರ್ಲಿ ಅಂತ ಎಷ್ಟೋ ದಿನದಿಂದ ಹುಡುಕ್ತಾ ಇವ್ನಿ." ಅವನು ಕೊಕ್ಕೆಯನ್ನು ಮಗುವಿನ ಕೆನ್ನೆಯ ಹಾಗೆ ಸವರಿದ. "ಬದ್ಲಾಯಿಸ್ಕೊಳಾವಾ? ನಂದು ಹಳೇ ಕಾಲದ ಉಕ್ಕು, ಈಗ ಬರಾಕಿಲ್ಲ. ಇವತ್ತೇ ಸಾಣೆ ಹಿಡಿಸಿ, ಮೊಳೆ ಬಿಗಿ ಮಾಡ್ಸಿ, ಹಳೇ ಲಗಾಮಿನ ಚರ್ಮ ಸುತ್ತಿವ್ನಿ."

ಮೇಷ್ಟ್ರು ಅವನ ಚಾಕಿನಲ್ಲಿ ಒಂದು ಪೆನ್ಸಿಲ್ ಕೆತ್ತಿ ನೋಡಿದರು. ಬೆಣ್ಣೆ ಕುಯ್ದ ಹಾಗಾಯಿತು. ಇಬ್ಬರೂ ಚಾಕುಗಳನ್ನು ಬೆಂಚಿನ ಮೇಲಿಟ್ಟು, ಕೈಯಿಂದ ಕೈಗೆ ಕೊಡದೆ, ಒಬ್ಬರದನ್ನು ಒಬ್ಬರು ಎತ್ತಿಕೊಂಡರು. ಮೇಷ್ಟ್ರ ಸೈಕಲ್ಲು ಆ ಸಂಜೆ ಮನೆಗೆ ತಾನೇ ಓಡಿತು.

ಜಗುಲಿಯ ಮೇಲೆ ಗಂಗಾಂಬಿಕೆ ಚಾಕನ್ನು ಪರೀಕ್ಷೆಗೆ ತೆಗೆದುಕೊಂಡಳು. ಸೌತೆಕಾಯಿ ಹೆಚ್ಚಿದಳು. ತೆಂಗಿನ ನಾರು ಕುಯ್ದಳು. ಹತ್ತು ಸಲ ತೆರೆದು ಹತ್ತು ಸಲ ಮಡಿಸಿದಳು. ಅವಳ ಹುಬ್ಬು ನಿಧಾನಕ್ಕೆ ಮೇಲೇರಿತು.

"ಚೆನ್ನಾಗಿದೆ ಕಣ್ರೀ! ನಿಜವಾಗ್ಲೂ ನೀವೇ ಆರಿಸಿದ್ದಾ?"

"ಇನ್ಯಾರು? ಮೂರು ಚಾಕು ಮುಂದಿಟ್ಕೊಂಡು ಆರಿಸ್ದೆ. ತುಮಕೂರ್ ಮಾಲು ಅಂದ್ರೆ ಸುಮ್ನೇನಾ!" ಎಂದರು ಮೇಷ್ಟ್ರು. ಮೂರು ಚಾಕು ಮುಂದಿಟ್ಟುಕೊಂಡದ್ದಂತೂ ಸುಳ್ಳಲ್ಲವಲ್ಲ.

"ಹಂಗಾದ್ರೆ ರೇಡಿಯೋನೂ ನೀವೇ ತನ್ನಿ. ಮಾತು ಅಂದ್ರೆ ಮಾತು."

ಮೇಷ್ಟ್ರಿಗೆ ಎದೆ ತುಂಬಿ ಬಂತು. ಯಾವ ಬಣ್ಣದ್ದು, ಎಲ್ಲಿಡುವುದು, ಬೆಳಿಗ್ಗೆ ಯಾವ ಸ್ಟೇಷನ್ ಎಂದು ಆಗಲೇ ಹೇಳತೊಡಗಿದರು. ಹೆಂಡತಿ ನಗುತ್ತ ಕೇಳುತ್ತಿದ್ದಳು. ಅಷ್ಟರಲ್ಲಿ ಅವಳ ಬೆರಳು ಹಿಡಿಯ ಮೇಲೆ ನಿಂತಿತು.

"ಇದೇನ್ರೀ, ಚರ್ಮ! ಇದನ್ನ ನಾನು ಅಡಿಗೆಮನೆಗೆ ಸೇರ್ಸಲ್ಲ. ಬಿಚ್ಚಿ ಹಾಕ್ತೀನಿ ತಡೀರಿ."

"ಬಿಚ್ಚು, ಧಾರಾಳವಾಗಿ ಬಿಚ್ಚು. ಒಳ್ಳೇ ಮಾಲಿಗೆ ಹೊದಿಕೆ ಯಾಕೆ?" ಎಂದರು ಮೇಷ್ಟ್ರು.

ಅವಳು ಗಂಟು ಬಿಡಿಸಿ, ಸುತ್ತು ಸುತ್ತಾಗಿ ಚರ್ಮ ಬಿಚ್ಚಿದಳು. ಒಳಗಿನಿಂದ ಹಿತ್ತಾಳೆ ಕಂಡಿತು. ದೀಪದ ಬಳಿಗೆ ಹೋಗಿ ಒಂದು ಕಡೆ ನೋಡಿದಳು, ತಿರುಗಿಸಿ ಇನ್ನೊಂದು ಕಡೆ ನೋಡಿದಳು.

"ತುಮಕೂರಿನಲ್ಲಿ ಹೆಸರು ಹಾಕಿ ಮಾರ್ತಾರೇನ್ರೀ?"

"ಹಾಕ್ತಾರೆ, ಕಂಪ್ನಿ ಹೆಸ್ರು ಇರ್ಬೇಕು. ಓದು."

"ಕೆ. ರೇವಣಸಿದ್ದಯ್ಯ," ಎಂದು ಓದಿದಳು ಗಂಗಾಂಬಿಕೆ. "ಈ ಕಡೆ ನಮ್ಮ ಮದ್ವೆ ತಾರೀಕೂ ಇದೆ."

ಮೇಷ್ಟ್ರ ಬಾಯಿ ತೆರೆದದ್ದು ಆ ಛತ್ರಿಯ ಹಾಗೆ ಮುಚ್ಚಲೇ ಇಲ್ಲ. ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು: ಏಳಲಗು, ಬೀಗ, ಕೊಕ್ಕೆ, ದ್ಯಾವಪ್ಪ. ಗಂಗಾಂಬಿಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ದ್ಯಾವಪ್ಪ ನಮ್ಮ ಹಾಲಿನ ತಿಪ್ಪಮ್ಮನ ಗಂಡ ಕಣ್ರೀ! ಹದ್ನಾಲ್ಕು ವರ್ಷ ಜೇಬಲ್ಲಿಟ್ಕೊಂಡಿದ್ರಿ. ಡ್ರಾಯಿಂಗ್ ಮೇಷ್ಟ್ರು ಬೇರೆ. ಗುರ್ತು ಸಿಗ್ಲಿಲ್ವಾ?"

ಹದಿನೆಂಟು ರೂಪಾಯಿ ಕೊಟ್ಟು ಹಳೇ ಚಾಕಿಗೆ ಸಾಣೆ ಹಿಡಿಸಿದ ಮೊದಲನೇ ಮನುಷ್ಯ ತಾವೇ ಇರಬೇಕು ಎಂದು ಮೇಷ್ಟ್ರಿಗೆ ಅನಿಸಿತು. ಆದರೂ ಹೆಂಡತಿ ಅಷ್ಟು ಮನಸಾರೆ ನಗುವುದನ್ನು ನೋಡಿ ಎಷ್ಟೋ ದಿನವಾಗಿತ್ತು. ಅವರಿಗೂ ನಗು ಬಂತು.

ಗಂಗಾಂಬಿಕೆ ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಂದು ಕಾರ್ಡು ತಂದು ಅವರ ಮುಂದಿಟ್ಟಳು.

"ಗುರುಸಿದ್ದಂಗೆ ಬರೀರಿ. ರೇಡಿಯೋ ಅವ್ನೇ ನೋಡಿ ತರ್ಲಿ."

ಮೇಷ್ಟ್ರು ಎದುರಾಡದೆ ಜೇಬಿನಿಂದ ಪೆನ್ಸಿಲ್ ತೆಗೆದು, ತಮ್ಮ ಹಳೇ ಹೊಸ ಚಾಕಿನಲ್ಲಿ ಕೆತ್ತಿದರು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅಷ್ಟು ಚೂಪಾಗಿ ಬಂದಿರಲಿಲ್ಲ.