ಗುನ್‌ಸ್ಟೀನನ ಅರ್ಧ ಹೆಸರಿನ ದಿಗ್ವಿಜಯ

ನಾರ್ವೆಯ ಕಡಲಂಚಿನ ಆ ಮನೆಯಲ್ಲಿ ಗುನ್‌ಸ್ಟೀನನೊಬ್ಬನೇ ‘ಗುನ್’. ಗುನ್ ಎಂದರೆ ಯುದ್ಧ, ಸ್ಟೀನ್ ಎಂದರೆ ಕಲ್ಲು. (ಯುದ್ಧವೆಲ್ಲ ಹೆಂಡತಿಯದು; ಕಲ್ಲಾಗಿ ಕೂರುವುದಷ್ಟೇ ಇವನ ಪಾಲು.) ಹೆಂಡತಿ ರಾಗ್ನ್‌ಹಿಲ್ಡ್, ಆಚೆ ದಡದ ಅತ್ತೆ ರಾಗ್ನ್‌ವೇಗ್, ಮಗ ರಾಗ್ನ್‌ವಾಲ್ಡ್, ಮಗಳು ರಾಗ್ನ್‌ಫ್ರಿಡ್. ರಾಗ್ನ್ ಎಂದರೆ ದೇವತೆಗಳ ಬಲ. ಅಂಗಳದಲ್ಲಿ ನಿಂತು “ರಾಗ್ನ್” ಎಂದು ಕೂಗಿದರೆ ಇಡೀ ದೇವಲೋಕವೇ ಬಾಗಿಲಿಗೆ ಬರುತ್ತಿತ್ತು. ಮಕ್ಕಳ ಹೆಸರಿನಲ್ಲಿ ಅಪ್ಪನದೊಂದು ಚೂರೂ ಇಲ್ಲವಲ್ಲ ಎಂದು ಅವನಿಗೆ ಹೊಟ್ಟೆಯುರಿ.

ಮೂರನೆಯದೂ ಹುಟ್ಟಿತು, ಹೆಣ್ಣು. ಹೆಸರಿಡಲು ಅತ್ತೆ ಎಂದಿನಂತೆ ದೋಣಿಯಲ್ಲಿ ಬಂದಿಳಿದರು, ಈ ಸಲ ಜೊತೆಗೆ ತಮ್ಮ ಕೆಂಪು ಹಸು! ಅದರ ಮೇಲೆ ಗುನ್‌ಸ್ಟೀನನಿಗೆ ಮದುವೆಯಾದಾಗಿನಿಂದ ಕಣ್ಣು. ಹಸು ಹೇಗೂ ಬಂದಾಯಿತು, ಇನ್ನು ಹೆಸರೊಂದನ್ನು ಗೆದ್ದರೆ ಸಾಕು ಎಂದುಕೊಂಡ.

ಪದ್ಧತಿಯಂತೆ ಕೂಸನ್ನು ನೆಲದ ಮೇಲೆ ಮಲಗಿಸಿದ್ದರು. ಅತ್ತೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ನುಗ್ಗಿ, ಕೂಸನ್ನೆತ್ತಿ, ನೀರು ಚಿಮುಕಿಸಿ, ನೆಂಟರಿಷ್ಟರೆಲ್ಲ ಬೆಚ್ಚುವಂತೆ ಘೋಷಿಸಿದ: “ಗುನ್‌ಹಿಲ್ಡ್!”

“ಹಿಲ್ಡ್ ಅಂದ್ರೂ ಯುದ್ಧಾನೇ ಅಲ್ವೇನ್ರೀ? ಕೂಸಿಗೆ ಎರಡೆರಡು ಯುದ್ಧ ಯಾಕೆ?” ಎಂದಳು ಹೆಂಡತಿ.

“ಒಂದು ನಂದು, ಒಂದು ನಿಂದು. ಮುಂದೆ ಇರೋದು ನಂದು, ನೋಡ್ಕೋ!”

ನೀರು ಬಿದ್ದ ಮೇಲೆ ಹೆಸರು ಬದಲಿಸುವಂತಿಲ್ಲ. ಗುನ್‌ಸ್ಟೀನ್ ಮೀಸೆ ತಿರುವಿದ.

“ಒಳ್ಳೇದಾಯ್ತು ಅಳಿಯಂದಿರೇ,” ಎಂದು ಅತ್ತೆ ಎದ್ದರು. “ನನ್ನ ಹಸು ನಾನು ಹೊಡ್ಕೊಂಡು ಹೋಗ್ತೀನಿ.”

“ಅಯ್ಯೋ, ಯಾಕೆ ಅತ್ತೆ?”

“ಹೆಸರಿಟ್ಟೋರು ತಾನೇ ಉಡುಗೊರೆ ಕೊಡೋದು? ಎರಡು ಸಲ ನಾನಿಟ್ಟೆ, ನಾನೇ ಕೊಟ್ಟೆ. ಈಗ ನೀವು ಕೊಡಿ, ಎಲ್ರೂ ಕಾಯ್ತಿದಾರೆ.”

ಗುನ್‌ಸ್ಟೀನನ ಕೈ ಮೆಲ್ಲಗೆ ಒಣಮೀನಿನ ಕಟ್ಟಿನತ್ತ ಹೋಯಿತು.

“ಹೆತ್ತ ಮಗಳಿಗೆ ಒಣಮೀನಾ? ಮಾನ ಕಳೀಬೇಡಿ!” ಎಂದಳು ಹೆಂಡತಿ.

ಕೊನೆಗೆ ತಾತನ ಕಾಲದ ಬೆಳ್ಳಿಯ ತೋಳ್ಬಳೆ ಕಳಚಿದ. (ಅದನ್ನು ಮದುವೆಯಲ್ಲಿ ಹೆಂಡತಿಗೂ ಬಿಚ್ಚಿಕೊಟ್ಟಿರಲಿಲ್ಲ.) “ಅವಳು ದೊಡ್ಡೋಳಾಗೋ ತನಕ ನಾನಿಟ್ಕೊಂಡಿರ್ತೀನಿ,” ಎಂದು ರಾಗ್ನ್‌ಹಿಲ್ಡ್ ಅದನ್ನು ತನ್ನ ತೋಳಿಗೇರಿಸಿಕೊಂಡಳು.

ಹಸು ಹೋಗಲಿ, ಬಳೆಯೂ ಹೋಗಲಿ, ಗೆದ್ದದ್ದಂತೂ ಗೆದ್ದದ್ದೇ! ಅವನು ಹಿಗ್ಗಿ ಹೀರೇಕಾಯಿಯಾಗಿ ಮಗಳನ್ನೆತ್ತಿಕೊಂಡು ದಡಕ್ಕೆ ಬಂದ. ಹಸುವಿನೊಡನೆ ದೋಣಿ ಹತ್ತಿದ ಅತ್ತೆ ಕೈ ಬೀಸಿದರು: “ಬರ್ತೀನಿ ಕಣೇ ನನ್ನ ಹಿಲ್ಡಾ!”

“ಹಿಲ್ಡಾ, ಅಜ್ಜಿ ಹೊರಟ್ರು ನೋಡೇ!” ಎಂದಳು ಹೆಂಡತಿ. ಮಕ್ಕಳಿಬ್ಬರೂ “ಹಿಲ್ಡಾ, ಹಿಲ್ಡಾ” ಎಂದು ಕುಣಿದರು. ನೆಂಟರ ಬಾಯಲ್ಲೂ ಅದೇ.

ಅಂದಿನಿಂದ ಆ ಹುಡುಗಿಯನ್ನು ಪೂರ್ತಿ ಹೆಸರಿನಿಂದ ಕರೆಯುವವನು ಊರಿಗೆಲ್ಲ ಗುನ್‌ಸ್ಟೀನನೊಬ್ಬನೇ. ಅದೂ ಅಂಗಳದ ನಡುವೆ ನಿಂತು, ಗಂಟಲು ಹರಿಯುವಂತೆ.