ಆಸ್ಥಾನಕ್ಕೆ ಬಂದ ಹೆಂಚು

ಬಹಳ ಹಿಂದೆ, ಸೋರುವ ಮನೆಗೂ ಪೂರಾ ಬಾಡಿಗೆ ವಸೂಲು ಮಾಡುತ್ತಿದ್ದ ಒಂದು ರಾಜ್ಯವಿತ್ತು. ಅಲ್ಲಿನ ಮನೆಗಳೆಲ್ಲ ಅರಸ ಛತ್ರಕೇತು ಮಹಾಪ್ರಭುಗಳವು. ಅಂಥದೊಂದರಲ್ಲಿ ರವಿಕೆ ಹೊಲಿಯುವ ಸಂಕವ್ವ ಬಾಡಿಗೆಗಿದ್ದಳು. ಮಳೆ ಬಂದಾಗ ಮೊಮ್ಮಗಳ ತೊಟ್ಟಿಲನ್ನು ಮೂಲೆಯಿಂದ ಮೂಲೆಗೆ ಸಾಗಿಸುವಳು. ನಾಲ್ಕೂ ಮೂಲೆ ಸೋರಿದ ದಿನ ಮಗುವಿಗೆ ಕೆಮ್ಮು ಹತ್ತಿತು. ಸಂಕವ್ವ ಬಾಡಿಗೆ ನಿಲ್ಲಿಸಿದಳು.

ವಸತಿ ಮಂತ್ರಿ ಸುಮುಖದತ್ತರು ಕೋಪಿಸಿಕೊಳ್ಳಲಿಲ್ಲ. ಪ್ರಜಾಸ್ನೇಹಿ ಆಡಳಿತದಲ್ಲಿ ಕೋಪಕ್ಕೆ ಅನುದಾನವಿರಲಿಲ್ಲ. ಕೆಟ್ಟ ಮನೆಗೆ ಬಾಡಿಗೆ ತಡೆಹಿಡಿಯುವುದು ಪ್ರಜೆಗಳ ಪವಿತ್ರ ಹಕ್ಕೆಂದು ಅವರೇ ಡಂಗುರ ಹೊಡೆಸಿದ್ದರು. ಷರತ್ತು ಒಂದೇ. ಅರಮನೆಯ ಅಧಿಕಾರಿಗಳು ಬಡವರ ಹೊಸ್ತಿಲು ತುಳಿಯುವ ಪದ್ಧತಿ ಇಲ್ಲವಾದ್ದರಿಂದ, ದೂರುದಾರರು ಕೆಟ್ಟ ಭಾಗವನ್ನು ಬಿಚ್ಚಿ ತಂದು ಆಸ್ಥಾನದಲ್ಲೇ ಸ್ಥಳಪರಿಶೀಲನೆಗೆ ಒಪ್ಪಿಸತಕ್ಕದ್ದು.

"ಸೂರನ್ನೇ ಹೊತ್ಕಂಡು ಹೆಂಗಪ್ಪಾ ಬರ್ಲಿ?" ಎಂದಳು ಸಂಕವ್ವ.

"ಕಂತಿನಲ್ಲಿ ತರಬಹುದಮ್ಮ, ಸೌಲಭ್ಯ ಇದೆ," ಎಂದ ಗುಮಾಸ್ತ.

ಕೇರಿಯವರು ಕೈಜೋಡಿಸಿದರು. ಎರಡು ಗಾಡಿ ಹೆಂಚು, ಮೂರು ತೊಲೆ ಆಸ್ಥಾನ ಸೇರಿದವು. ಉನ್ನತ ಮಟ್ಟದ ಸಮಿತಿ ಹೆಂಚುಗಳನ್ನು ರತ್ನಗಂಬಳಿಯ ಮೇಲೆ ಹರಡಿ, ಮೂರು ದಿನ ಉಪಾಹಾರಸಮೇತ ವೀಕ್ಷಿಸಿತು. ಒಂದು ಹನಿಯೂ ಬೀಳಲಿಲ್ಲ. ಹೆಂಚು ನಿರ್ದೋಷಿ ಎಂದು ವರದಿ ಬಂತು. ಇನ್ನು ಮನೆಗೆ ಚಾವಣಿಯೇ ಇಲ್ಲವಾದ್ದರಿಂದ ಅದು ಸೋರುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

"ಮಹಾಪ್ರಭೂ, ತಮ್ಮ ಕೃಪೆಯಿಂದ ನಾಡಿನಲ್ಲಿ ಸೋರುವ ಮನೆ ಒಂದು ಕಡಿಮೆಯಾಯಿತು," ಎಂದರು ಮಂತ್ರಿಗಳು.

ಅರಸರ ಕಣ್ಣು ತುಂಬಿತು. "ಉಳಿದವರು ಏನು ಪಾಪ ಮಾಡಿದ್ದಾರೆ? ಯೋಜನೆಯನ್ನು ಎಲ್ಲರಿಗೂ ವಿಸ್ತರಿಸಿ."

ವಾರದೊಳಗೆ ನಾಡಿನ ಚಾವಣಿಗಳೆಲ್ಲ ಇಳಿದವು. ಅರಸರಿಗೆ ‘ಶುಷ್ಕಗೃಹ ಸಾರ್ವಭೌಮ’ ಎಂಬ ಬಿರುದಿನೊಡನೆ ಹೊಸ ಕಿರೀಟ ಏರಿತು. ಕಿರೀಟದ ವೆಚ್ಚಕ್ಕೆಂದು ಮನೆಬಾಡಿಗೆಗೆ ಆಕಾಶ ವೀಕ್ಷಣಾ ಶುಲ್ಕ ಸೇರಿತು. ಜನ ನೆನೆಯುತ್ತಲೇ ಕಟ್ಟಿದರು.

ಸಂಕವ್ವನ ಮೊಮ್ಮಗಳು ಪಕ್ಕದವರ ಗಾಡಿಯ ಕೆಳಗೆ ಕೆಮ್ಮುತ್ತ ಮಲಗಿದ್ದಳು. ಗುಮಾಸ್ತ ಕೊಡೆ ಹಿಡಿದು ಬಂದು, ಮನೆ ಈಗ ಸೋರುತ್ತಿಲ್ಲವೆಂಬ ಒಪ್ಪಿಗೆಪತ್ರ ಚಾಚಿದ. ಹೆಬ್ಬೆಟ್ಟು ಒತ್ತಿ ಬಾಕಿ ಕಟ್ಟಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು ಎಂದ. ಕೇರಿಯವರೆಲ್ಲ ಆಗಲೇ ಹೆಬ್ಬೆಟ್ಟು ಒತ್ತಿದ್ದಾರೆ ಎಂದೂ ಸೇರಿಸಿದ.

ಸಂಕವ್ವ ಮಗುವಿನ ಎದೆಗೆ ಬೆಚ್ಚನೆ ಅಂಗೈ ಇಟ್ಟುಕೊಂಡೇ ಇದ್ದಳು.

"ಒತ್ತಲ್ಲ ಕಣಪ್ಪ. ಬಾಡಿಗೇನೂ ಕೊಡಲ್ಲ, ಮನೇನೂ ಬಿಡಲ್ಲ. ಹೋಗಿ ಹೇಳು."