ಹನ್ನೆರಡು ಗಂಟಿನ ಹಗ್ಗ

ಏನೂ ಗೊತ್ತಿಲ್ಲದವನಿಗೆ ಅಪಾಯ ಕಡಿಮೆ. ನನ್ನ ಕಷ್ಟವೆಂದರೆ, ನನಗೆ ಸ್ವಲ್ಪ ಗೊತ್ತಿದೆ. ಬಿ.ಎಸ್ಸಿ. ಓದಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ರೇಖಾಗಣಿತದ ಮೊದಲ ಪಾಠದಲ್ಲಿ ಪ್ರತಿವರ್ಷ ಒಂದೇ ಕಥೆ ಹೇಳುತ್ತೇನೆ. ಈಜಿಪ್ಟಿನಲ್ಲಿ ನದಿ ಉಕ್ಕಿ ಹೊಲದ ಗಡಿಗಳು ಅಳಿಸಿಹೋಗುತ್ತಿದ್ದವು; ಹಗ್ಗ ಹಿಡಿದವರು ಬಂದು ಮತ್ತೆ ಅಳೆಯುತ್ತಿದ್ದರು; ಭೂಮಿ ಅಳೆಯುವ ಆ ಕೆಲಸವೇ ಮುಂದೆ ಶಾಸ್ತ್ರವಾಯಿತು. ಆ ಹಗ್ಗದವರಲ್ಲಿ ಎಷ್ಟು ಜನ ಜೀವಂತವಾಗಿ ಮನೆಗೆ ಮರಳಿದರೆಂದು ಪುಸ್ತಕ ಹೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕೃಷ್ಣೆ ಯಡೂರಿನ ಹೊಲಗಳಿಗೆ ನುಗ್ಗಿ ಇಳಿದಾಗ, ನಮ್ಮ ಪಕ್ಕದ ಮನೆಯ ಅಣ್ಣಪ್ಪ ಮತ್ತು ಅವನ ದಾಯಾದಿ ಭರಮಪ್ಪನ ಹೊಲಗಳ ನಡುವಿನ ಬದು ಕಾಣೆಯಾಗಿತ್ತು. ರಸ್ತೆಯ ಮೋರಿಯಿಂದ ಅದು ನೇರ ಲಂಬವಾಗಿ ಹೊರಡುತ್ತಿತ್ತೆಂದು ಇಬ್ಬರೂ ಒಪ್ಪಿದರು. ಆ ಲಂಬ ಎತ್ತ ಎಂಬುದೇ ಜಗಳ. ಕಬ್ಬು ನೆಡುವ ಹೊತ್ತು. ಸರ್ವೇಯರ್ ಬರುವುದು ಯಾವಾಗಲೋ. ಯಾರೂ ಕರೆಯದಿದ್ದರೂ ನಾನು ಹೋದೆ. ಹಗ್ಗಕ್ಕೆ ಸಮ ದೂರದಲ್ಲಿ ಹನ್ನೆರಡು ಗಂಟು ಹಾಕಿ, ತುದಿ ಕೂಡಿಸಿ, ಮೂರು-ನಾಲ್ಕು-ಐದರ ತ್ರಿಕೋನ ಮಾಡಿದೆ. ಮೋರಿಯ ಬಳಿ ಲಂಬಕೋನವಾಗಿ ನಾನೇ ನಿಂತೆ. ಕೈ ಜಾರದಿರಲೆಂದು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡದ್ದು ನನ್ನದೇ ಬುದ್ಧಿ. ಅಣ್ಣಪ್ಪ ರಸ್ತೆಯ ಮೇಲೆ, ಭರಮಪ್ಪ ಹೊಲದ ಕೆಸರಿನಲ್ಲಿ ಒಂದೊಂದು ಮೂಲೆ ಹಿಡಿದರು.

“ಲೇ ಭರಮ್ಯಾ, ನನ್ನ ಹೊಲದಾಗ ಯಾಕ ಸರಿಯಾಕತ್ತೀಯಲೇ?”

“ನಾ ಎಲ್ಲಿ ಸರದೇನಿ? ನಿನ್ನ ಕಣ್ಣ ಸೊಟ್ಟ ಅದಾವ!”

ಸರಿಯುತ್ತಿದ್ದದ್ದು ನಿಜ. ಅಣ್ಣಪ್ಪ ಎಳೆದ, ಭರಮಪ್ಪ ಎಳೆದ. ನಡುವೆ ನನ್ನ ತೊಂಬತ್ತು ಡಿಗ್ರಿಯ ಗತಿ ಕೇಳಬೇಡಿ. ಕಡೆಗೆ ಅಣ್ಣಪ್ಪ ಸೊಂಟದಲ್ಲಿದ್ದ ಕುಡಗೋಲು ಕಿತ್ತು ಬೀಸುತ್ತ ಓಡಿಬಂದ. ಅದು ನನ್ನ ಕಿವಿಯ ಪಕ್ಕ ಸುಂಯ್ ಎಂದದ್ದು ಇವತ್ತಿಗೂ ಪ್ರಾರ್ಥನೆಯ ಗಂಟೆಯ ನಡುವೆ ಕೇಳಿಸುತ್ತದೆ. ಅವನ ಕಡೆಯ ಹಗ್ಗ ತುಂಡಾಯಿತು. ಇನ್ನೂ ಎಳೆಯುತ್ತಿದ್ದ ಭರಮಪ್ಪನ ಕಡೆಗೆ ಹಾರಿ ನಾನು ಕೆಸರಿನಲ್ಲಿ ಬೋರಲು ಬಿದ್ದೆ.

ಇಬ್ಬರೂ ಬೆಪ್ಪಾಗಿ ನಿಂತರು. ಬುತ್ತಿ ತಂದಿದ್ದ ಅಣ್ಣಪ್ಪನ ಆಯಿ ಮಾತ್ರ ಬುಟ್ಟಿ ಇಳಿಸಿ, “ಮಾಸ್ತರ ಬಿದ್ದಲ್ಲೆ ಕಲ್ಲ ನೆಡ್ರಿ. ಮೋರಿಯಿಂದ ಅಲ್ಲೀಮಟಾ ಬದುವ ಎಳೀರಿ. ಬೇಕಂತ ಯಾರೂ ಹಂಗ ಬೀಳಂಗಿಲ್ಲ” ಎಂದಳು. ಎರಡು ಬಿಂದುಗಳಿದ್ದರೆ ಒಂದು ಸರಳರೇಖೆ! ಶಾಲೆಯ ಮುಖ ಕಾಣದ ಮುದುಕಿ. ಇಬ್ಬರೂ ಒಪ್ಪಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಬದು ವಾರೆಯಾಗಿದೆ, ಆ ತುದಿಗೆ ಅಣ್ಣಪ್ಪನಿಗೆ ಎರಡು ಮೊಳ ನಷ್ಟ. ಅದರ ಸಾಧನೆಯನ್ನು, ಪ್ರಮೇಯದ ಹಾಗೆ, ಚಿತ್ರಸಮೇತ ಬರೆದಿಟ್ಟಿದ್ದೇನೆ.

ಮೊನ್ನೆ ಅಣ್ಣಪ್ಪ ಮೇವು ಕೊಯ್ಯುತ್ತ, “ಮಾಸ್ತರ, ಬದುವ ಬರೋಬರ ಐತಿ ಹೌದಲ್ರಿ?” ಎಂದ. ಕೈಯಲ್ಲಿ ಅದೇ ಕುಡಗೋಲು.

“ಕೂದಲೆಳೆಯಷ್ಟೂ ಫರಕ್ ಇಲ್ಲೋ ಅಣ್ಣಪ್ಪಾ” ಎಂದೆ. ಅವನು ಖುಷಿಯಿಂದ ಒಂದು ಹೊರೆ ಮೇವು ನಮ್ಮ ಎಮ್ಮೆಗೂ ಹಾಕಿದ.